ಹಿತ್ತಲಲ್ಲಿ ಸ್ಪ್ಯಾನಿಷ್ ಶೈಲಿಯ ಅತಿಥಿ ಮನೆ: ದಪ್ಪ ಗೋಡೆ, ಭಾರದ ಹೆಂಚು, ನೀರಿನ ದಾರಿ

ದಕ್ಷಿಣ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಸೀಮೆಯಲ್ಲಿ, ನಮ್ಮ ಹಿತ್ತಲಲ್ಲಿ 24 ಅಡಿ ಅಗಲ, 30 ಅಡಿ ಉದ್ದದ ಒಂದಂತಸ್ತಿನ ಮನೆ ಕಟ್ಟಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ಮಲಗುವ ಕೋಣೆ, ಒಂದು ಬಚ್ಚಲು, ಅಡುಗೆಗೂ ಕೂರುವುದಕ್ಕೂ ಒಂದೇ ಹಜಾರ, ಮುಂದೆ ಮೂರು ಕಮಾನಿನ ಜಗಲಿ. ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಇರುವವರಿಗೆ ಇಷ್ಟು ಸಾಕಾಗುತ್ತದೆ. ನಕ್ಷೆ ನಮ್ಮದು, ಲೆಕ್ಕಾಚಾರಕ್ಕೆ ಪರವಾನಗಿ ಪಡೆದ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ, ಹೆಂಚು ಮತ್ತು ಗಾರೆಗೆ ಬೇರೆ ಬೇರೆ ತಂಡ.

ಬಿಳಿ ಬಣ್ಣ, ಕೆಂಪು ಹೆಂಚು, ಕಬ್ಬಿಣದ ದೀಪ ಇದ್ದರೆ ಸ್ಪ್ಯಾನಿಷ್ ಮನೆಯಾಯಿತು ಎಂದುಕೊಂಡು ಹೊರಟರೆ ಕೊನೆಗೆ ಸಿಗುವುದು ಹೆಂಚು ಹೊತ್ತ ಡಬ್ಬಿ. ಈ ಶೈಲಿಯ ಜೀವ ಇರುವುದು ಗೋಡೆಯ ದಪ್ಪದಲ್ಲಿ, ಕಿಟಕಿ ಒಳಗೆ ಸರಿದು ಕೂತಾಗ ಬೀಳುವ ನೆರಳಿನಲ್ಲಿ, ಸೂರು ಗಿಡ್ಡವಾಗಿರುವುದರಲ್ಲಿ. ನಕ್ಷೆ ಬರೆಯುವಾಗಲೇ ಇವನ್ನು ತೀರ್ಮಾನಿಸಬೇಕು, ಆಮೇಲೆ ಅಂಟಿಸಲು ಬರುವುದಿಲ್ಲ. ಇನ್ನೊಂದು ಮಾತು: ಕಣ್ಣಿಗೆ ಚೆಂದ ಕಾಣುವ ಈ ಪ್ರತಿಯೊಂದು ಅಂಶವೂ ಮಳೆನೀರು ಒಳನುಗ್ಗುವ ಜಾಗವೇ. ಒಳಸರಿದ ಕಿಟಕಿಯ ಕೆಳಗಟ್ಟೆ, ಸೂರಿನ ಚಾಚಿಲ್ಲದ, ಮಾಡಿನ ತುದಿಯ ತ್ರಿಕೋನ ಗೋಡೆ, ನಯವಾದ ಗಾರೆ, ಗೋಡೆ ತೂರಿ ಬರುವ ಮಣ್ಣಿನ ಕೊಳವೆ, ಎಲ್ಲವೂ. ಆದ್ದರಿಂದ ಮುಂದೆ ಹೇಳುವುದರಲ್ಲಿ ಅಲಂಕಾರಕ್ಕಿಂತ ನೀರಿನ ಮಾತೇ ಹೆಚ್ಚು.

ಮೂಲದಲ್ಲಿ ಈ ದಪ್ಪ ಬಂದದ್ದು ಹಸಿಮಣ್ಣಿನ ಇಟ್ಟಿಗೆಯಿಂದ. 1769ರಿಂದ 1823ರ ನಡುವೆ ಸ್ಯಾನ್ ಡಿಯೇಗೊದಿಂದ ಸೊನೋಮಾವರೆಗೆ ಸ್ಪ್ಯಾನಿಷ್ ಪಾದ್ರಿಗಳು ಸ್ಥಾಪಿಸಿದ 21 ಕ್ರೈಸ್ತ ಧರ್ಮಕೇಂದ್ರಗಳನ್ನು, ಅಂದರೆ ಮಿಷನ್‌ಗಳನ್ನು ಕಟ್ಟಿದ ದುಡಿಮೆ ಇಲ್ಲಿನ ಮೂಲನಿವಾಸಿಗಳದು. ಅಲ್ಲಿನ ಗೋಡೆಗಳ ದಪ್ಪ ಅಡಿಗಳ ಲೆಕ್ಕದಲ್ಲಿದೆ. 1915ರಲ್ಲಿ ಸ್ಯಾನ್ ಡಿಯೇಗೊದ ಬಾಲ್ಬೋವಾ ಪಾರ್ಕಿನಲ್ಲಿ ನಡೆದ ಪನಾಮಾ-ಕ್ಯಾಲಿಫೋರ್ನಿಯಾ ಪ್ರದರ್ಶನಕ್ಕೆ ವಾಸ್ತುಶಿಲ್ಪಿ ಬರ್ಟ್ರಮ್ ಗುಡ್‌ಹ್ಯೂ ರೂಪಿಸಿದ ಕಟ್ಟಡಗಳು ಈ ಶೈಲಿಗೆ ಮರುಜೀವ ಕೊಟ್ಟವು. 1925ರ ಭೂಕಂಪದ ಮೇಲೆ ಸಾಂಟಾ ಬಾರ್ಬರಾ ಊರಿಗೆ ಊರೇ ಇದೇ ಶೈಲಿಯಲ್ಲಿ ಎದ್ದು ನಿಂತಿತು. ಭೂಕಂಪದ ಅಪಾಯ ಇರುವ ಕಾರಣಕ್ಕೆ ಇವತ್ತು ಹಸಿ ಇಟ್ಟಿಗೆಯಲ್ಲಿ ಕಟ್ಟುವುದು ದುಬಾರಿ ಮತ್ತು ತೊಡಕಿನ ಕೆಲಸ. ಮರದ ಚೌಕಟ್ಟು ಕಟ್ಟಿ, ಮೇಲೆ ಸಿಮೆಂಟ್ ಗಾರೆ ಮೆತ್ತುವುದೇ ರೂಢಿ. ಮಾದರಿ ನೋಡಬೇಕೆಂದರೆ ಸಾಂಟಾ ಬಾರ್ಬರಾ ಪಕ್ಕದ ಮಾಂಟೆಸಿಟೋದಲ್ಲಿ ವಾಸ್ತುಶಿಲ್ಪಿ ಜಾರ್ಜ್ ವಾಷಿಂಗ್ಟನ್ ಸ್ಮಿತ್ ರೂಪಿಸಿದ ಮನೆಗಳನ್ನು ನೋಡಿ. ದೊಡ್ಡ ಖಾಲಿ ಗೋಡೆ, ಅದರಲ್ಲಿ ಕೆಲವೇ ಕಿಟಕಿ. ಆ ಸಂಯಮವನ್ನು ಅಲ್ಲಿ ಕಲಿಯಬಹುದು.

ಕಾಗದ ಮತ್ತು ಅಳತೆ

ಅತಿಥಿ ಮನೆಯೋ, ಎಡಿಯು ಎಂಬ ಎರಡನೇ ವಾಸದ ಮನೆಯೋ ಎಂಬುದನ್ನು ಮೊದಲು ತೀರ್ಮಾನಿಸಿ. ಹಲವು ಊರುಗಳ ನಿಯಮದಲ್ಲಿ ಅತಿಥಿ ಮನೆಗೆ ಅಡುಗೆಮನೆ ಇರಕೂಡದು. ಅಡುಗೆಮನೆ ಬೇಕೆಂದರೆ ಎಡಿಯು ಎಂದೇ ಅರ್ಜಿ ಹಾಕಬೇಕು, ಮತ್ತು ಅದೇ ಒಳ್ಳೆಯದು. 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾನೂನಿನಂತೆ ಪೂರ್ಣ ಅರ್ಜಿಗೆ 60 ದಿನಗಳಲ್ಲಿ ಉತ್ತರ ಕೊಡಬೇಕು, ಪಕ್ಕದ ಮತ್ತು ಹಿಂದಿನ ಗಡಿಯಿಂದ 4 ಅಡಿಗಿಂತ ಹೆಚ್ಚು ಬಿಡಿ ಎನ್ನುವಂತಿಲ್ಲ, 800 ಚದರಡಿ ಮತ್ತು 16 ಅಡಿ ಎತ್ತರದವರೆಗಿನ ಮನೆಯನ್ನು ತಡೆಯುವಂತಿಲ್ಲ. 750 ಚದರಡಿಗಿಂತ ಕಡಿಮೆ ಇದ್ದರೆ ಇಂಪ್ಯಾಕ್ಟ್ ಫೀ (ಊರಿನ ಸೌಕರ್ಯಗಳಿಗೆಂದು ಹೊಸ ಕಟ್ಟಡದ ಮೇಲೆ ಹಾಕುವ ಶುಲ್ಕ) ಇಲ್ಲ. ನಮ್ಮ 720 ಚದರಡಿಯ ಹಿಂದೆ ಇದ್ದದ್ದು ಈ ಲೆಕ್ಕ. ಶಾಲಾ ಜಿಲ್ಲೆಯ ಶುಲ್ಕ ಮಾತ್ರ ಬೇರೆ. 500 ಚದರಡಿಗಿಂತ ಕಡಿಮೆ ಇದ್ದರಷ್ಟೇ ಅದರಿಂದ ವಿನಾಯಿತಿ.

ಗೋಡೆ ದಪ್ಪವಾದಷ್ಟೂ ಒಳಗಿನ ಜಾಗ ಕಡಿಮೆ. ನಿಮ್ಮ ಊರಿನವರು ವಿಸ್ತೀರ್ಣವನ್ನು ಗೋಡೆಯ ಹೊರಮುಖದಿಂದ ಅಳೆಯುತ್ತಾರೋ ಒಳಮುಖದಿಂದಲೋ ಎಂಬುದನ್ನು ಗೆರೆ ಎಳೆಯುವ ಮೊದಲು ಕೇಳಿಕೊಳ್ಳಿ.

ನಾಲ್ಕಡಿ ಬಿಟ್ಟರೆ ಸಾಕು ಎಂದು ಕಾನೂನು ಹೇಳಿದರೂ ನಾವು ಪಕ್ಕದಲ್ಲಿ 6 ಅಡಿ ಬಿಟ್ಟೆವು. ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಇಲ್ಲದ ಮನೆಯಲ್ಲಿ ಗಡಿಗೆ 5 ಅಡಿಗಿಂತ ಹತ್ತಿರದ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು, ಅದರಲ್ಲಿ ಕಿಟಕಿ ಬಾಗಿಲು ಕಾಲು ಭಾಗ ಮೀರಬಾರದು, ಸೂರಿನ ಕೆಳಮೈಗೂ ಅದೇ ರಕ್ಷಣೆ ಬೇಕು. ಜಂತಿಯ ತುದಿಗಳು ಹೊರಗೆ ಕಾಣುವುದು ಈ ಶೈಲಿಯ ಲಕ್ಷಣ. ಅವುಗಳ ಕೆಳಗೆ ಬೋರ್ಡು ಹೊಡೆದರೆ ಎಲ್ಲ ಹೋಯಿತು. ಗೋಡೆ 6 ಅಡಿ, ಸೂರಿನ ಚಾಚು 1 ಅಡಿ. ಸೂರಿನ ತುದಿ ಸರಿಯಾಗಿ 5 ಅಡಿಗೆ ನಿಂತು ಈ ತಲೆನೋವು ತಪ್ಪಿತು.

ಕೆಲಸ ಶುರುವಾಗುವ ಮೊದಲು ಒಳಚರಂಡಿಯ ಆಳ ಅಳೆಯಲೇಬೇಕು. ಮುಖ್ಯ ಮನೆಯ ಕ್ಲೀನ್‌ಔಟ್ (ಕೊಳವೆ ಶುಚಿ ಮಾಡಲು ಬಿಟ್ಟ ಬಾಯಿ) ತೆಗೆದು, ಕೊಳವೆಯ ತಳ ನೆಲದಿಂದ ಎಷ್ಟು ಕೆಳಗಿದೆ ನೋಡಿ. ಕೊಳವೆಗೆ ಅಡಿಗೆ ಕಾಲಿಂಚು ಇಳಿಜಾರು ಬೇಕು. ನಮ್ಮಲ್ಲಿ ದೂರ 80 ಅಡಿ, ಅಂದರೆ 20 ಇಂಚು ಇಳಿಕೆ. ಹೊಸ ಮನೆಯ ಸ್ಲ್ಯಾಬಿನ ಮೇಲ್ಮೈಯಿಂದ ಸುಮಾರು 18 ಇಂಚು ಕೆಳಗೆ ಕೊಳವೆ ಹೊರಟರೆ, ಕೂಡುವ ಜಾಗದಲ್ಲಿ ಆಳ 38 ಇಂಚಾದರೂ ಇರಬೇಕು. ಇಲ್ಲದಿದ್ದರೆ ಒಂದೋ ಸ್ಲ್ಯಾಬ್ ಎತ್ತರಿಸಬೇಕು, ಇಲ್ಲವೇ ಕೊಳಚೆ ಮೇಲೆತ್ತುವ ಎಜೆಕ್ಟರ್ ಪಂಪು ಕೂರಿಸಬೇಕು. ಹಳೆಯ ಬಡಾವಣೆಗಳಲ್ಲಿ ಬೀದಿಯವರೆಗಿನ ಕೊಳವೆ ಸುಟ್ಟ ಮಣ್ಣಿನದು, ಕೂಡುಗಳಲ್ಲಿ ಬೇರು ನುಗ್ಗಿರುತ್ತದೆ. ಕ್ಯಾಮೆರಾ ಬಿಟ್ಟು ನೋಡಿಯೇ ಮುಂದುವರಿಯಿರಿ. ವಿದ್ಯುತ್ ತಂತಿಯ ಪಿವಿಸಿ ಕೊಳವೆಗೆ 18 ಇಂಚು ಮಣ್ಣು ಮುಚ್ಚಬೇಕು. ಹೊಸ ಮನೆಯ ಸಬ್‌ಪ್ಯಾನೆಲ್‌ಗೆ (ವಿದ್ಯುತ್ತಿನ ಉಪಪೆಟ್ಟಿಗೆಗೆ) ನಾಲ್ಕು ತಂತಿಯ ಫೀಡರ್ ಕೇಬಲ್, ಅಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಬೇರೆ ಬೇರೆ.

ತಳಪಾಯ

ನೆಲದ ಮೇಲೆ ನೇರವಾಗಿ ಕೂರುವ ಸ್ಲ್ಯಾಬ್. ಕೆಳಗೆ 4 ಇಂಚು ಜಲ್ಲಿ, ಅದರ ಮೇಲೆ 10 ಮಿಲ್ (ಇಂಚಿನ ನೂರನೇ ಒಂದು ಪಾಲು) ದಪ್ಪದ ತೇವ ತಡೆಯುವ ಹಾಳೆ, ಮೇಲೆ 5 ಇಂಚು ಕಾಂಕ್ರೀಟ್. ಸುತ್ತಲಿನ ಫುಟಿಂಗ್ 12 ಇಂಚು ಅಗಲ, ಮುಂದಿನ ದಪ್ಪ ಗೋಡೆಯ ಕೆಳಗೆ ಮಾತ್ರ 16 ಇಂಚು, ಎಲ್ಲ ಕಡೆ 18 ಇಂಚು ಆಳ. ಅರ್ಧ ಇಂಚಿನ ಕಂಬಿ ಎರಡು ಮೇಲೆ, ಎರಡು ಕೆಳಗೆ. ಮಣ್ಣು ಜೇಡಿಯಾಗಿದ್ದು ಒದ್ದೆಯಾದಾಗ ಉಬ್ಬುವಂಥದ್ದಾದರೆ ಈ ಅಳತೆಗಳು ನಡೆಯುವುದಿಲ್ಲ. ಮಣ್ಣಿನ ವರದಿ ತರಿಸಿ ಎಂಜಿನಿಯರ್ ಹೇಳಿದಂತೆ ಮಾಡಿ. ನಯವಾದ ಗಾರೆ ಕೂದಲೆಳೆಯಷ್ಟು ಅಲುಗಾಟವನ್ನೂ ಮುಚ್ಚಿಡುವುದಿಲ್ಲ.

ಗೋಡೆಯನ್ನು ತಳಪಾಯಕ್ಕೆ ಬಿಗಿಯುವ ಆಂಕರ್ ಬೋಲ್ಟು 5/8 ಇಂಚಿನದು, ಕಾಂಕ್ರೀಟಿನೊಳಗೆ 7 ಇಂಚು, ಒಂದಕ್ಕೊಂದು 6 ಅಡಿಗಿಂತ ದೂರವಿಲ್ಲದಂತೆ, ಗೋಡೆಯ ಬುಡದ ಪ್ರತಿ ಮರದ ಪಟ್ಟಿಯ ತುದಿಯಿಂದ 12 ಇಂಚಿನೊಳಗೆ ಒಂದು. ಭೂಕಂಪದ ಸೀಮೆಯಾದ್ದರಿಂದ ಬೋಲ್ಟಿಗೆ 3×3 ಇಂಚಿನ ಚೌಕದ ಪ್ಲೇಟ್ ವಾಷರ್ ಬೇಕು, ಗುಂಡು ವಾಷರ್ ಒಪ್ಪುವುದಿಲ್ಲ. ಅರ್ತಿಂಗಿಗೆ ಫುಟಿಂಗಿನೊಳಗೆ 20 ಅಡಿ ಕಂಬಿ ಸಿಗುವಂತೆ ಒಂದು ತುದಿಯನ್ನು ಮೇಲೆತ್ತಿ ಬಿಟ್ಟಿರಬೇಕು. ಕಾಂಕ್ರೀಟ್ ಸುರಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಬಚ್ಚಲಿನ ಶವರ್ ಜಾಗದಲ್ಲಿ ಸ್ಲ್ಯಾಬನ್ನು 3 ಇಂಚು ತಗ್ಗಿಸಿಯೇ ಸುರಿಸಿದೆವು. ವಯಸ್ಸಾದವರು ಇರುವ ಮನೆಯಲ್ಲಿ ಹೊಸ್ತಿಲಿಲ್ಲದ ಶವರ್ ಬೇಕೇ ಬೇಕು, ಮತ್ತು ಅದು ತೀರ್ಮಾನವಾಗುವುದು ಕಾಂಕ್ರೀಟ್ ದಿನ. ಕೈಹಿಡಿ ಕೂರಿಸಲು ಗೋಡೆಯೊಳಗೆ 2×8 ಅಡ್ಡಪಟ್ಟಿ ಈಗಲೇ ಹೊಡೆದಿಡಿ.

ದಪ್ಪ ಗೋಡೆ ಮತ್ತು ಒಳಸರಿದ ಕಿಟಕಿ

ನಾಲ್ಕೂ ಗೋಡೆ ದಪ್ಪ ಮಾಡಲು ಜಾಗವೂ ದುಡ್ಡೂ ಸಾಲದು. ಬಾಗಿಲು ಮತ್ತು ಜಗಲಿ ಇರುವ ಮುಂದಿನ 24 ಅಡಿಯ ತ್ರಿಕೋನ ಗೋಡೆಗೆ ಮಾತ್ರ ದಪ್ಪ ಕೊಟ್ಟೆವು. ಉಳಿದ ಮೂರು 2×6 ಸ್ಟಡ್ (ಗೋಡೆಯ ನಿಲುವು ಮರ), 16 ಇಂಚಿಗೊಂದು. ಕಣ್ಣು ಮುಂದಿನ ಗೋಡೆ ನೋಡಿ ಇಡೀ ಮನೆಗೆ ಅದೇ ದಪ್ಪ ಎಂದು ನಂಬುತ್ತದೆ.

ಮುಂದಿನ ಗೋಡೆ ಎರಡು ಪದರ. ಒಳಗಿನದು ಭಾರ ಹೊರುವ 2×6 ಗೋಡೆ, ಅದರ ಹೊರಮೈಗೆ ಭೂಕಂಪದ ಅಡ್ಡಬಲಕ್ಕೆ ಅರ್ಧ ಇಂಚಿನ ಪ್ಲೈವುಡ್. ಆಮೇಲೆ 2 ಇಂಚು ಬಿಟ್ಟು ಹೊರಗೆ ಭಾರ ಹೊರದ 2×4 ಗೋಡೆ, ಅದರ ಮೇಲೂ ಪ್ಲೈವುಡ್. ಒಳಗಿನ ಜಿಪ್ಸಮ್, ಹೊರಗಿನ ಗಾರೆ ಸೇರಿ ಒಟ್ಟು 13 ಇಂಚು ದಾಟುತ್ತದೆ. ಕಿಟಕಿ ಕೂರುವುದು ಒಳಗೋಡೆಯಲ್ಲಿ. ಹೊರಗಿನಿಂದ ಸುಮಾರು 7 ಇಂಚು ಆಳದ ಗೂಡು ಸಿಗುತ್ತದೆ. ಎರಡು ಗೋಡೆಗಳ ನಡುವಿನ ಖಾಲಿ ಜಾಗ ಬೆಂಕಿಗೆ ಚಿಮಣಿಯಂತೆ ಕೆಲಸ ಮಾಡಬಲ್ಲದು. ಆದ್ದರಿಂದ ಚಾವಣಿ ಮಟ್ಟದಲ್ಲೂ, ಅಡ್ಡಲಾಗಿ 10 ಅಡಿಗೊಮ್ಮೆಯೂ ತಡೆ ಕೊಡಬೇಕು. ನಾವು ಮಿನರಲ್ ವುಲ್ ಎಂಬ ಕಲ್ಲಿನ ನಾರನ್ನು ಒತ್ತಿ ತುಂಬಿದೆವು. ಇನ್‌ಸ್ಪೆಕ್ಟರ್ ಮೊದಲು ಟಾರ್ಚು ಬಿಡುವುದು ಅಲ್ಲಿಗೇ.

ಈಗಿನ ಕಿಟಕಿಗಳಿಗೆ ಸುತ್ತ ಮೊಳೆ ಹೊಡೆಯುವ ಫಿನ್ ಇರುತ್ತದೆ. ಒಂಟಿ ಗೋಡೆಯಲ್ಲಿ ಅದು ಪ್ಲೈವುಡ್ ಮೈಗೇ ಅಂಟಿ, ಗಾಜು ಗಾರೆಯ ಮಟ್ಟಕ್ಕೆ ಬಂದುಬಿಡುತ್ತದೆ. ಹೊಸ ಸ್ಪ್ಯಾನಿಷ್ ಮನೆಗಳು ಚಪ್ಪಟೆಯಾಗಿ ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಗಾರೆಯಿಂದ ಉಬ್ಬು ಚೌಕಟ್ಟು ಮಾಡಿ ಮರೆಮಾಡುವವರಿದ್ದಾರೆ. ಅದು ಈ ಶೈಲಿಯದಲ್ಲ, ಬೇಡ.

ಗೂಡಿನ ಕೆಳಗಟ್ಟೆಯೇ ಇಡೀ ಮನೆಯಲ್ಲಿ ಅತಿ ಅಪಾಯದ ಜಾಗ. ಸಿಮೆಂಟ್ ಗಾರೆ ನೀರು ಹೀರುತ್ತದೆ. ಮಟ್ಟಸ ಮೈಯಲ್ಲಿ ನೀರು ನಿಂತರೆ ಒಂದೆರಡು ಮಳೆಗಾಲದಲ್ಲಿ ಕೆಳಗಿನ ಮರ ಕೊಳೆಯುತ್ತದೆ. ನಾವು ಮಾಡಿದ ಕ್ರಮ ಹೀಗೆ. ಮೊದಲು 7 ಇಂಚಿಗೆ 2 ಇಂಚು ಹೊರಕ್ಕೆ ಇಳಿಯುವಂತೆ ಪ್ಲೈವುಡ್ ಇಳಿಜಾರು. ಅದರ ಮೇಲೆ ತಾನೇ ಅಂಟುವ ರಬ್ಬರ್ ಹಾಳೆ, ಎರಡೂ ಪಕ್ಕ 8 ಇಂಚು ಮೇಲೇರಿಸಿ, ಮುಂದೆ ಗೋಡೆಗೆ ಹೊದಿಸುವ, ನೀರು ತಡೆಯುವ ಕಾಗದದ ಮೇಲೆ ಇಳಿಬಿಟ್ಟು. ಕಿಟಕಿ ಕೂರುವ ಜಾಗದಲ್ಲಿ ಹಿಂದಿನ ಅಂಚು ಮೇಲೆತ್ತಿದ, ಸಿಲ್ ಪ್ಯಾನ್ ಎಂಬ ತಟ್ಟೆ. ಆಮೇಲೆ ಕಿಟಕಿ: ಪಕ್ಕದ ಮತ್ತು ಮೇಲಿನ ಫಿನ್‌ಗೆ ಸೀಲೆಂಟ್, ಕೆಳಗಿನ ಫಿನ್‌ಗೆ ಹಚ್ಚಕೂಡದು. ಒಳಗೆ ಬಂದ ನೀರು ಹೊರಗೆ ಹೋಗಲು ಇರುವ ದಾರಿ ಅದೊಂದೇ. ಪಕ್ಕದ ಪಟ್ಟಿ ಕೆಳಗಿನದರ ಮೇಲೆ, ತಲೆಪಟ್ಟಿ ಪಕ್ಕದವುಗಳ ಮೇಲೆ, ಕಿಟಕಿಯ ಪಕ್ಕದ ಮತ್ತು ಮೇಲಿನ ಕಾಗದ ಆ ಪಟ್ಟಿಗಳ ಮೇಲೆ. ಒಂದು ಪದರ ಹಿಂದುಮುಂದಾದರೂ ನೀರು ಗೋಡೆಯೊಳಗೆ ಹರಿಯುತ್ತದೆ. ಜಾಲರಿ ಹೊಡೆಯುವ ಮೊದಲು ಪ್ರತಿ ಗೂಡಿಗೂ ಹೋಸ್‌ಪೈಪಿನಲ್ಲಿ ನೀರು ಬಿಟ್ಟು ಒಳಗೆ ಕೈಯಿಟ್ಟು ನೋಡಿ. ಕೊನೆಯ ಹೊದಿಕೆಗೆ ಗಾರೆ ಬೇಡ, ಸುಟ್ಟ ಮಣ್ಣಿನ ಬಿಲ್ಲೆ ಹಾಕಿ. ಬಿಲ್ಲೆ ಗೋಡೆಯಿಂದ ಒಂದು ಇಂಚು ಮುಂದೆ ಚಾಚಿ ನೀರು ತೊಟ್ಟಿಕ್ಕುವಂತಿರಲಿ.

ಕಿಟಕಿಯ ಚೌಕಟ್ಟು ತೆಳ್ಳಗೆ, ಬಣ್ಣ ಗಾಢವಾಗಿರಬೇಕು. ರಾಜ್ಯದ 2022ರ ಇಂಧನ ನಿಯಮದಲ್ಲಿ ಯು-ಫ್ಯಾಕ್ಟರಿನ (ಕಿಟಕಿಯಿಂದ ಶಾಖ ಸೋರುವ ಪ್ರಮಾಣ) ಸಾಮಾನ್ಯ ಮಿತಿ 0.30 ಆಗಿತ್ತು. ಬರೀ ಅಲ್ಯುಮಿನಿಯಂ ಅದನ್ನು ಮುಟ್ಟುವುದು ಕಷ್ಟ. ಹೊರಗೆ ಅಲ್ಯುಮಿನಿಯಂ ಹೊದಿಸಿದ ಮರದ ಕಿಟಕಿ ತೆಗೆದುಕೊಂಡೆವು.

ಕಮಾನು

ಕಂಬ ತೆಳ್ಳಗಾದರೆ ಕಮಾನು ಕಾಗದದಲ್ಲಿ ಕತ್ತರಿಸಿದಂತೆ ಕಾಣುತ್ತದೆ. ನಮ್ಮ ಜಗಲಿ 18 ಅಡಿ ಉದ್ದ, 6 ಅಡಿ ಆಳ: 48 ಇಂಚಿನ ಮೂರು ಕಮಾನು, 18 ಇಂಚಿನ ನಾಲ್ಕು ಕಂಬ. ಭಾರ ಹೊರುವುದು ಕಂಬದೊಳಗೆ ಅಡಗಿರುವ 6×6 ಮರ ಮತ್ತು ಮೇಲಿನ ತೊಲೆ. ಕಮಾನು ಬರೀ ತುಂಬುಗೆ. ಭೂಕಂಪಕ್ಕೆ ಕಂಬಗಳು ಎಷ್ಟು ತಡೆಯುತ್ತವೆ ಎಂಬುದನ್ನು ಎಂಜಿನಿಯರ್ ನೋಡಬೇಕು. ಗಾರೆ ಮೆತ್ತಿದ ಕಂಬ ಗಟ್ಟಿಯಾಗಿ ಕಾಣುತ್ತದೆಯೇ ಹೊರತು ಆ ಗಟ್ಟಿತನ ಮರದ ಮತ್ತು ಉಕ್ಕಿನ ಜೋಡಣೆಗಳದು.

ಜಗಲಿಯ ತೊಲೆಯ ಅಡಿ 7 ಅಡಿ 2 ಇಂಚಿಗೆ ಬಂತು, ಕಮಾನಿನ ನೆತ್ತಿ 7 ಅಡಿಗೆ. ಪೂರ್ತಿ ಅರ್ಧವೃತ್ತ ಮಾಡಿದರೆ ಏರಿಕೆ 24 ಇಂಚು, ಕಮಾನು ತಿರುಗಲು ಶುರುವಾಗುವುದು 5 ಅಡಿಗೆ, ಅಂದರೆ ಭುಜದ ಹತ್ತಿರ. ಏರಿಕೆ 12 ಇಂಚಿಗೆ ಇಳಿಸಿದರೆ ಅದು 6 ಅಡಿಗೆ ಹೋಗುತ್ತದೆ, ಜಗಲಿ ಬಿಚ್ಚಿಕೊಳ್ಳುತ್ತದೆ. ತ್ರಿಜ್ಯ ಕಂಡುಹಿಡಿಯಲು ಅಗಲದ ವರ್ಗವನ್ನು ಏರಿಕೆಯ 8 ಪಟ್ಟಿನಿಂದ ಭಾಗಿಸಿ, ಏರಿಕೆಯ ಅರ್ಧ ಕೂಡಿಸಿ: 48×48 ಅಂದರೆ 2304, ಅದನ್ನು 96ರಿಂದ ಭಾಗಿಸಿದರೆ 24, ಜೊತೆಗೆ 6, ಒಟ್ಟು 30 ಇಂಚು. ಮುಕ್ಕಾಲು ಇಂಚಿನ ಪ್ಲೈವುಡ್ ಮೇಲೆ ಒಂದು ಮೊಳೆ, ಕತ್ತರಿಸುವ ತ್ರಿಜ್ಯದಷ್ಟು ಉದ್ದದ ಪಟ್ಟಿ, ಪೆನ್ಸಿಲು. ಒಂದು ಅಚ್ಚು ಕತ್ತರಿಸಿ ಅದನ್ನೇ ಇಟ್ಟು ಉಳಿದ ಐದನ್ನೂ ಗೆರೆ ಎಳೆಯಿರಿ. ಕಮಾನಿಗೆ ಎರಡು ಹಲಗೆ, ನಡುವೆ 6 ಇಂಚಿಗೊಂದು 2×4 ತುಂಡು. ಗಾರೆಯ ದಪ್ಪ ಎರಡೂ ಕಡೆಯಿಂದ ಕಳೆಯುತ್ತದೆ, ಆದ್ದರಿಂದ ಮರದ ಅಳತೆಯನ್ನು ಸುತ್ತ 7/8 ಇಂಚು ದೊಡ್ಡದಾಗಿ ಇಡಿ, ಅಂದರೆ ಕತ್ತರಿಸುವ ತ್ರಿಜ್ಯ 30 7/8.

ಹೆಂಚು

ಇಲ್ಲಿನ ಎರಡು ತುಂಡಿನ ಮಿಷನ್ ಹೆಂಚು ನಮ್ಮ ಊರಿನ ನಾಡಹೆಂಚಿನ ಜಾತಿಯದೇ. ಒಂದು ಸಾಲು ಅಂಗಾತ, ಅದರ ಮೇಲೆ ಒಂದು ಸಾಲು ಕವುಚಿ. ಮಂಗಳೂರು ಹೆಂಚಿನಂತೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಮೇಲುಹೊದಿಕೆ 3 ಇಂಚಾದರೂ ಬೇಕು. ಎಸ್ ಆಕಾರದ ಒಂಟಿ ಹೆಂಚು ಅಗ್ಗ ಮತ್ತು ಹಗುರ, ಆದರೆ ಸೂರಿನ ತುದಿಯಲ್ಲಿ ಅದರ ತೆಳುವು ಗೊತ್ತಾಗುತ್ತದೆ. ಸಣ್ಣ ಮನೆಯಲ್ಲಿ ಹೆಂಚು ಕಣ್ಣಿಗೆ ಹತ್ತಿರ. ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ.

ಲೆಕ್ಕ: ಅಡ್ಡಲಾಗಿ ಚಾಚು ಸೇರಿ 26 ಅಡಿ, ಉದ್ದ 30 ಅಡಿ, 780 ಚದರಡಿ. 12ಕ್ಕೆ 4 ಇಳಿಜಾರಿಗೆ (12 ಇಂಚು ಅಡ್ಡಕ್ಕೆ 4 ಇಂಚು ಏರಿಕೆ) 1.054ರಿಂದ ಗುಣಿಸಿದರೆ ಸುಮಾರು 822 ಚದರಡಿ. ಒಡೆಯುವುದು, ಕತ್ತರಿಸುವುದು ಸೇರಿ 900 ಚದರಡಿಗೆ ತರಿಸಿದೆವು, ಜಗಲಿಯದು ಬೇರೆ. 18 ಇಂಚಿನ ಹೆಂಚು 3 ಇಂಚು ಮುಚ್ಚಿಹೋಗಿ 15 ಇಂಚು ಕಾಣುತ್ತದೆ. ಸಾಲಿನಿಂದ ಸಾಲಿಗೆ ಹನ್ನೊಂದೂವರೆ ಇಂಚಾದರೆ 100 ಚದರಡಿಗೆ ಅಂಗಾತ 83, ಕವುಚಿ 83. ತೂಕ ಚದರಡಿಗೆ 11 ಪೌಂಡಿನ ಆಸುಪಾಸು, ಡಾಂಬರು ಶಿಂಗಲ್ ಎಂಬ ತೆಳು ಚಾವಣಿ ಬಿಲ್ಲೆಯದು ಸುಮಾರು 3. ಹಜಾರದ ಮೇಲಿನ ರಿಡ್ಜ್ ಬೀಮ್ (ನೆತ್ತಿಯ ತೊಲೆ), ಉಳಿದೆಡೆಯ ಟ್ರಸ್ (ಮಾಡಿನ ತ್ರಿಕೋನ ಚೌಕಟ್ಟು), ಕೆಳಗಿನ ಫುಟಿಂಗ್ ಎಲ್ಲವೂ ಈ ತೂಕಕ್ಕೆ ಲೆಕ್ಕ ಹಾಕಿದ್ದಾಗಿರಬೇಕು. ಶಿಂಗಲಿಗೆಂದು ಮಾಡಿದ ಟ್ರಸ್ ಮೇಲೆ ಆಮೇಲೆ ಹೆಂಚು ಹೊರಿಸಬೇಡಿ.

ನೀರು ತಡೆಯುವುದು ನಿಜವಾಗಿ ಹೆಂಚಿನ ಕೆಳಗೆ ಹರಡುವ ಹಾಳೆ, ಅಂದರೆ ಹಾಸು. ಹೆಂಚು ಬಿಸಿಲು ತಡೆದು ಮಳೆಯ ಹೆಚ್ಚಿನ ಪಾಲನ್ನು ಹರಿಸುತ್ತದೆ, ಗಾಳಿಮಳೆಯಲ್ಲಿ ಉಳಿದದ್ದು ಒಳಗೆ ನುಸುಳುತ್ತದೆ. ಹೆಂಚಿನ ಆಯಸ್ಸು ಹಾಸಿಗಿಂತ ಬಹಳ ಹೆಚ್ಚು, ಆದ್ದರಿಂದ ಹಾಸಿನಲ್ಲಿ ಉಳಿತಾಯ ಮಾಡಬಾರದು. ಇಳಿಜಾರು 12ಕ್ಕೆ 4ಕ್ಕಿಂತ ಕಡಿಮೆಯಿದ್ದರೆ ಹಾಸು ಎರಡು ಪದರ ಕಡ್ಡಾಯ, ಎರಡೂವರೆಗಿಂತ ಕಡಿಮೆಗೆ ಹೆಂಚೇ ಸಲ್ಲದು. ಜಗಲಿಯ ಇಳಿಜಾರು 12ಕ್ಕೆ 3 ಆದ್ದರಿಂದ ಅಲ್ಲಿ ಎರಡು ಪದರ. ಮನೆಗೂ ಎರಡೇ ಹಾಕಿದೆವು.

ಸೂರಿನ ಉದ್ದಕ್ಕೂ 4×6 ಜಂತಿ ತುದಿಗಳು 24 ಇಂಚಿಗೊಂದು, ಮೇಲೆ ಕಾಣುವ ಹಲಗೆ. ಹಲಗೆ ಒಂದು ಇಂಚಿಗಿಂತ ತೆಳುವಾದರೆ ಹಾಸಿನ ಮೊಳೆ ಕೆಳಗೆ ಇಣುಕುತ್ತದೆ. ತುದಿಸಾಲಿನಲ್ಲಿ ಅಂಗಾತ ಹೆಂಚಿಗೆ ಇನ್ನೊಂದು ತುಂಡು ಜೋಡಿಸಿದರೆ ದಪ್ಪವಾಗಿ, ಹಳೆಯ ಮನೆಯಂತೆ ಕಾಣುತ್ತದೆ. ಕವುಚಿದ ಹೆಂಚಿನ ಬಾಯಿಗಳನ್ನು ಗಾರೆಯಿಂದ ಮುಚ್ಚಲೇಬೇಕು. ಬಿಟ್ಟರೆ ಹಕ್ಕಿ, ಇಲಿ ಗೂಡು ಕಟ್ಟುತ್ತವೆ; ಕಾಳ್ಗಿಚ್ಚಿನ ಸೀಮೆಯಲ್ಲಿ ಗಾಳಿಗೆ ಹಾರಿಬಂದ ಕಿಡಿ ಅಲ್ಲೇ ಒಳಹೊಕ್ಕು ಒಣ ಹುಲ್ಲಿಗೆ ತಗುಲುತ್ತದೆ. ಆದರೆ ಅಂಗಾತ ಹೆಂಚಿನ ದಾರಿ ಮುಚ್ಚಬೇಡಿ, ನೀರು ಹೊರಬರುವುದು ಅದರಿಂದ.

ತ್ರಿಕೋನದ ಕಡೆ ಚಾಚು ಇರುವುದಿಲ್ಲ. ಅಂಚಿನ ಹೆಂಚಿನ ಕೆಳಗೆ ತುದಿ ಹೊರಕ್ಕೆ ಬಾಗಿದ ತಗಡು ಪಟ್ಟಿ ಇಲ್ಲದಿದ್ದರೆ ಬಿಳಿಗೋಡೆಯ ಮೇಲೆ ಮೊದಲ ಮಳೆಗೇ ಕಂದು ಗೆರೆ ಬೀಳುತ್ತದೆ. ನೆತ್ತಿಯ ಕೆಳಗೆ ಕಾಣುವ ಮೂರು ಮಣ್ಣಿನ ಕೊಳವೆಗಳು ಹೊರಕ್ಕೆ ತುಸು ಇಳಿಜಾರಾಗಿರಲಿ, ಪ್ರತಿಯೊಂದರ ಹಿಂದೆ ತಗಡಿನ ತೋಳು, ಅದಕ್ಕೆ ಕಾಗದ ಅಂಟಿಸಿ, ಒಳಗೆ ಕಿಡಿ ತಡೆಯುವ ಸಣ್ಣ ಜಾಲರಿ.

ಹೊಸದಾಗಿ ಬಿಡಿಯಾಗಿ ಕಟ್ಟುವ ಎಡಿಯುಗೆ ಸೌರಫಲಕ ಬೇಕು. 2022ರ ಇಂಧನ ನಿಯಮದಲ್ಲಿ ಬೇಕಾದ ಪ್ರಮಾಣ 1.8 ಕಿಲೋವ್ಯಾಟಿಗಿಂತ ಕಡಿಮೆ ಬಂದರೆ ವಿನಾಯಿತಿ ಇತ್ತು, ಈಗಿನ ನಿಯಮದಂತೆ ಲೆಕ್ಕ ಹಾಕಿಸಿ ನೋಡಿ. ಫಲಕ ಹಾಕುವುದಾದರೆ ಮಣ್ಣಿನ ಹೆಂಚಿನ ಮೇಲೆ ಓಡಾಡಿಸಬೇಡಿ, ಒಡೆಯುತ್ತದೆ. ಫಲಕದ ಕೆಳಗೆ ಬರುವ ಜಾಗಕ್ಕೆ ಮೊದಲೇ ಶಿಂಗಲ್ ಹಾಕಿಸಿ, ಸುತ್ತ ಹೆಂಚು ಕೂರಿಸುವುದು ಒಳ್ಳೆಯ ದಾರಿ. ಬೀದಿಗೆ ಕಾಣುವುದೂ ಇಲ್ಲ.

ಗಾರೆ

ಮೊದಲು ಕ್ರಮದ ಬಗ್ಗೆ ಒಂದು ಮಾತು, ಇದನ್ನು ಬಿಟ್ಟವರ ಗೋಡೆ ಬಿರುಕು ಬಿಡುತ್ತದೆ. ಹೆಂಚನ್ನೆಲ್ಲ ಚಾವಣಿಗೆ ಏರಿಸಿ ಇಟ್ಟ ಮೇಲೆಯೇ ಗಾರೆ ಶುರುಮಾಡಬೇಕು. ನಾಲ್ಕು ಟನ್ ಭಾರ ಬಿದ್ದಾಗ ಮರದ ಚೌಕಟ್ಟು ಸ್ವಲ್ಪ ಕುಗ್ಗುತ್ತದೆ. ಗಾರೆ ಒಣಗಿದ ಮೇಲೆ ಆ ಭಾರ ಹಾಕಿದರೆ ಕಿಟಕಿಗಳ ಮೂಲೆಯಿಂದ ಓರೆ ಬಿರುಕು ಏಳುತ್ತದೆ. ಒಳಗಿನ ಜಿಪ್ಸಮ್ ಬೋರ್ಡನ್ನೂ ಮೊದಲೇ ಹೊಡೆದುಬಿಡಿ. ಸುತ್ತಿಗೆ, ಸ್ಕ್ರೂಗನ್ನಿನ ಅದುರಿಗೆ ಹಸಿಗಾರೆ ಜಾಲರಿ ಬಿಡುತ್ತದೆ.

ಪ್ಲೈವುಡ್ ಮೇಲೆ ಗ್ರೇಡ್ ಡಿ ಕಾಗದ ಎರಡು ಪದರ. ಒಂದೇ ಸಾಲದು. ಹೊರಗಿನ ಪದರ ಗಾರೆಗೆ ಅಂಟಿಕೊಂಡುಬಿಡುತ್ತದೆ, ನೀರು ಇಳಿಯಲು ಒಳಗಿನದು ಬೇಕು. ಗೋಡೆಯ ಬುಡದಲ್ಲಿ ವೀಪ್ ಸ್ಕ್ರೀಡ್ ಎಂಬ ತೂತಿನ ತಗಡು, ಮಣ್ಣಿನಿಂದ 4 ಇಂಚು, ಸಿಮೆಂಟ್ ನೆಲದಿಂದ 2 ಇಂಚು ಮೇಲೆ. ಕಾಗದ ತಗಡಿನ ಮೇಲೆ ಬರಬೇಕು, ಹಿಂದೆ ಅಲ್ಲ. ಆಮೇಲೆ 17 ಗೇಜಿನ ಹೆಣೆದ ತಂತಿ ಜಾಲರಿ, ಮೊಳೆ ಸ್ಟಡ್‌ಗೇ ಬೀಳಬೇಕು. ಕಮಾನು ಮತ್ತು ಗೂಡಿನ ಮೂಲೆಗಳಿಗೆ ದುಂಡು ಬೀಡ್ ಎಂಬ ಮೂಲೆಪಟ್ಟಿ. ಚೂಪು ಮೂಲೆ ಈ ಶೈಲಿಗೆ ಒಗ್ಗುವುದಿಲ್ಲ. ಇಲ್ಲಿಗೆ ಲ್ಯಾತ್ ಇನ್‌ಸ್ಪೆಕ್ಷನ್, ಅಂದರೆ ಜಾಲರಿಯ ತಪಾಸಣೆ, ಸಹಿ ಬೀಳುವವರೆಗೆ ಗಾರೆ ಕಲಸಬೇಡಿ.

ಮೂರು ಪದರ: ಸ್ಕ್ರ್ಯಾಚ್ ಕೋಟ್ 3/8 ಇಂಚು, ಬ್ರೌನ್ ಕೋಟ್ 3/8, ಫಿನಿಷ್ 1/8, ಒಟ್ಟು 7/8. ಕಿಟಕಿ ಕಳೆದು ನಮ್ಮ ಗೋಡೆ ಸುಮಾರು 950 ಚದರಡಿ. ಮೊದಲ ಎರಡು ಪದರಕ್ಕೆ 59 ಘನ ಅಡಿ ಗಾರೆ. 94 ಪೌಂಡಿನ ಒಂದು ಮೂಟೆ ಪ್ಲಾಸ್ಟಿಕ್ ಸಿಮೆಂಟಿಗೆ (ಗಾರೆಗೆಂದೇ ಮಾಡಿದ ಸಿಮೆಂಟ್) 4 ಘನ ಅಡಿ ಮರಳು ಹಾಕಿದರೆ ಸುಮಾರು 4 ಘನ ಅಡಿ ಸಿಗುತ್ತದೆ, ಅಂದರೆ 15 ಮೂಟೆ. ಬಿದ್ದುಹೋಗುವುದು ಸೇರಿ 18ರಿಂದ 20. ಸ್ಕ್ರ್ಯಾಚ್ ಕೋಟನ್ನು ಅಡ್ಡಲಾಗಿ ಗೀರಿ, 48 ಗಂಟೆ ತೇವ ಇಟ್ಟು, ಆಮೇಲೆ ಬ್ರೌನ್. ಬ್ರೌನ್ ಕೋಟನ್ನು ಉದ್ದನೆಯ ಪಟ್ಟಿಯಲ್ಲಿ ಎಳೆದು, ಸ್ವಲ್ಪ ಬಿಗಿಯಾದ ಮೇಲೆ ಫ್ಲೋಟಿನಿಂದ ಒತ್ತಿ ಉಜ್ಜಬೇಕು. ಈ ಒತ್ತಡದಲ್ಲೇ ಮುಂದಿನ ಬಿರುಕುಗಳ ಪಾಲು ಕಡಿಮೆಯಾಗುವುದು. ಫಿನಿಷ್‌ಗೆ ಮೊದಲು ನಿಯಮ 7 ದಿನ ಎನ್ನುತ್ತದೆ; ಸಾಧ್ಯವಾದರೆ ನಾಲ್ಕು ವಾರ ಬಿಡಿ. ಕುಗ್ಗುವುದೆಲ್ಲ ಕುಗ್ಗಿ, ಬೀಳುವ ಬಿರುಕು ಬಿದ್ದು ಮುಗಿಯಲಿ.

ಶರತ್ಕಾಲದಲ್ಲಿ ಮರುಭೂಮಿ ಕಡೆಯಿಂದ ಬೀಸುವ ಸಾಂಟಾ ಆನಾ ಬಿಸಿಗಾಳಿಯ ದಿನಗಳಲ್ಲಿ ಈ ಕೆಲಸ ಬೇಡವೇ ಬೇಡ. ಸಿಮೆಂಟ್ ಬಿಗಿಯುವ ಮೊದಲೇ ನೀರು ಹಾರಿಹೋಗಿ ಮೈಯೆಲ್ಲ ಜೇಡರಬಲೆಯಾಗುತ್ತದೆ.

ಗಾರೆಗೆ 144 ಚದರಡಿಗೊಮ್ಮೆ ಬಿರುಕು ತಡೆಯುವ ಕಂಟ್ರೋಲ್ ಜಾಯಿಂಟ್ ಇಡಬೇಕೆಂಬುದು ಮಾನದಂಡ. ಆ ತಗಡು ಗೆರೆ ಈ ಶೈಲಿಯ ಗೋಡೆಯನ್ನು ಕೊಲ್ಲುತ್ತದೆ, ಹಾಗೆಂದು ಸುಮ್ಮನೆ ಬಿಟ್ಟುಬಿಡುವುದೂ ಸರಿಯಲ್ಲ. ಪಕ್ಕದ ಗೋಡೆಗಳಲ್ಲಿ ಮಳೆನೀರಿನ ಕೊಳವೆಯ ಹಿಂದೆ ಜಾಯಿಂಟ್ ಬಚ್ಚಿಟ್ಟೆವು. ಮುಂದಿನ ಗೋಡೆಯಲ್ಲಿ ಬ್ರೌನ್ ಕೋಟ್ ಮೇಲೆ ಪಾಲಿಮರ್ ಬೇಸ್ ಹಚ್ಚಿ, ಅದರಲ್ಲಿ ಕ್ಷಾರ ತಡೆಯುವ ಫೈಬರ್‌ಗ್ಲಾಸ್ ಬಲೆ ಮುಳುಗಿಸಿ, ಕಿಟಕಿ ಮೂಲೆಗಳಿಗೆ ಓರೆಯಾಗಿ ಇನ್ನೊಂದು ತುಂಡು ಕೊಟ್ಟೆವು. ಮೇಲೆ ಬಿಳಿ ಸಿಮೆಂಟಿನ ನಯವಾದ ಸಾಂಟಾ ಬಾರ್ಬರಾ ಫಿನಿಷ್, ಸಣ್ಣ ಮರಳಿನದು. ಕರಣೆ ಎಳೆದ ಅಲೆ ತುಸು ಕಾಣಬೇಕು. ಕೆಲಸದವರಿಗೆ 4×4 ಅಡಿಯ ಮಾದರಿ ಮಾಡಿಸಿ, ಸಂಜೆಯ ಓರೆ ಬಿಸಿಲಲ್ಲಿ ನೋಡಿ ಒಪ್ಪಿ. ಬಣ್ಣಕ್ಕೆ ಸುಣ್ಣ, ಅದರಲ್ಲಿ ಕೊಂಚ ಹಳದಿ ಮಣ್ಣಿನ ಛಾಯೆ. ರಬ್ಬರಿನಂಥ ಪೇಂಟ್ ಹಚ್ಚಿದರೆ ಒಳಗಿನ ತೇವ ಹೊರಬರಲಾರದೆ ಗುಳ್ಳೆ ಏಳುತ್ತದೆ.

ಒಳಗೆ

ನೆಲಕ್ಕೆ ಮೆಕ್ಸಿಕೋದ ಸಾಲ್ಟಿಯೋ ಬಿಲ್ಲೆ, 12×12 ಇಂಚು. ಕೈಯಲ್ಲಿ ಮಾಡಿ ಕಡಿಮೆ ಬೆಂಕಿಯಲ್ಲಿ ಸುಟ್ಟದ್ದು, ಒಂದೊಂದರ ದಪ್ಪ ಒಂದೊಂದು ತರ. ಕೆಳಗೆ ದಪ್ಪ ಗಾರೆ, ನಡುವೆ ಅರ್ಧದಿಂದ ಮುಕ್ಕಾಲು ಇಂಚು ಸಂದು. ಹಲವು ಪೆಟ್ಟಿಗೆ ಒಟ್ಟಿಗೆ ತೆರೆದು ಬಣ್ಣ ಬೆರೆಸಿ ಹಾಸಿ. ಕೂರಿಸುವ ಮೊದಲು ನೀರಲ್ಲಿ ನೆನೆಸದಿದ್ದರೆ ಗಾರೆಯ ನೀರನ್ನೆಲ್ಲ ಹೀರಿ ಬಿಟ್ಟುಕೊಳ್ಳುತ್ತದೆ. ಸಂದು ತುಂಬುವ ಮೊದಲೇ ಸೀಲರ್ ಹಚ್ಚಬೇಕು, ಇಲ್ಲವಾದರೆ ಗ್ರೌಟಿನ ಬೂದು ಬಣ್ಣ ಬಿಲ್ಲೆಯೊಳಗೆ ಇಳಿದು ಹೋಗುವುದೇ ಇಲ್ಲ. ಬಿಲ್ಲೆ ಪೂರ್ತಿ ಒಣಗದೆ ಸೀಲರ್ ಹಚ್ಚಿದರೆ ಬಿಳಿ ಉಪ್ಪು ಒಳಗೇ ಸಿಕ್ಕಿಕೊಳ್ಳುತ್ತದೆ. ಸ್ಲ್ಯಾಬಿನ ಬಿರುಕಿನ ಮೇಲೆ ಬಿರುಕು ತಡೆಯುವ ಹಾಳೆ ಮರೆಯಬೇಡಿ.

ಒಗ್ಗರಣೆ ಹಾಕುವ ಮನೆಗೆ ನಿಯಮದ ಕನಿಷ್ಠ ಅಳತೆಯ, ಹೊಗೆ ಹೀರುವ ಹುಡ್ ಸಾಲುವುದಿಲ್ಲ. ಹೊರಕ್ಕೆ ಊದುವ, ನಿಮಿಷಕ್ಕೆ 400 ಘನ ಅಡಿಯ ಹುಡ್ ಹಾಕಿ, ಕೊಳವೆಯನ್ನು ಹಿಂದಿನ ಗೋಡೆಯಿಂದ ಹೊರಗೆ ಬಿಟ್ಟೆವು. ಬಚ್ಚಲಿನ ಫ್ಯಾನಿನದೂ ಹಾಗೇ. ಹೆಂಚಿನ ಚಾವಣಿಯಲ್ಲಿ ತೂತು ಕಡಿಮೆಯಾದಷ್ಟೂ ಸೋರುವ ಜಾಗ ಕಡಿಮೆ. ಗೋಡೆಗೆ ನಯವಾದ ಪ್ಲಾಸ್ಟರ್, ಮೂಲೆ ದುಂಡು, ಅಡಿಪಟ್ಟಿ ಇಲ್ಲ. ಅಲಂಕಾರದ ಬಣ್ಣದ ಟೈಲ್ಸ್ ಅಡುಗೆಕಟ್ಟೆಯ ಹಿಂದೆ ಒಂದೇ ಕಡೆ.

ಮುಗಿದ ಮೇಲೆ ಎರಡು ಕೆಲಸ ಉಳಿಯುತ್ತವೆ. ಹೆಂಚು ಒಂದಿಷ್ಟು ಮಿಗಿಸಿ ಗೋಡೆಯ ಹಿಂದೆ ಜೋಡಿಸಿಡಿ, ಮುಂದಿನ ಸುಡುವಿಕೆಯಲ್ಲಿ ಅದೇ ಬಣ್ಣ ಸಿಗುವುದಿಲ್ಲ. ಹಾಗೆಯೇ ತೋಟ ಮಾಡುವವರು ಗೋಡೆ ಬುಡಕ್ಕೆ ಮಣ್ಣು, ತೊಗಟೆ ಏರಿಸುತ್ತಾ ಹೋಗುತ್ತಾರೆ. ವೀಪ್ ಸ್ಕ್ರೀಡ್ ಮುಚ್ಚಿಹೋದರೆ ಗೋಡೆಯೊಳಗಿನ ನೀರಿಗೆ ದಾರಿಯೇ ಇರುವುದಿಲ್ಲ, ಗೆದ್ದಲಿಗೂ ಅದೇ ಏಣಿ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ, ಅಂದರೆ ಇಲ್ಲಿ ಅಕ್ಟೋಬರ್ ಹೊತ್ತಿಗೆ, ಗುದ್ದಲಿ ಹಿಡಿದು ಸುತ್ತ 4 ಇಂಚು ತೆರೆದು ಕಾಣುವಂತೆ ಮಣ್ಣು ಎಳೆದುಬಿಡಿ.